ಹಿಂದಿನ ಲಾರಿಯಲ್ಲಿ ಕೂತವಳು

ನಮ್ಮ ಮನೆಗೆ ಯಾರಾದರೂ ಗಾಡಿಯಲ್ಲಿ ಬಂದರೆ ನಾನು ಮೊದಲು ಕಾಫಿಗೆ ನೀರಿಡುವುದಿಲ್ಲ. ಹೊರಗೆ ಹೋಗಿ ಗಾಡಿಯ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಅದಕ್ಕೆಂದೇ ಕಾಂಪೌಂಡಿನ ಮೂಲೆಯಲ್ಲಿ ಒಳ್ಳೇ ಕಲ್ಲುಗಳನ್ನು ಇಟ್ಟುಕೊಂಡಿದ್ದೇನೆ. ನಮ್ಮ ಬೀದಿ ತುಮಕೂರಿನಲ್ಲೇ ಮಟ್ಟಸವಾದ ಬೀದಿ. ನೀರು ಚೆಲ್ಲಿದರೆ ಯಾವ ಕಡೆ ಹರಿಯಬೇಕು ಅಂತ ನೀರಿಗೇ ತಿಳಿಯುವುದಿಲ್ಲ. ಆದರೂ ಕೊಡುತ್ತೇನೆ. ಸಿಲಿಂಡರ್ ತರುವವನ ಆಟೋಗೆ, ಸೊಪ್ಪಿನವಳ ತಳ್ಳುಗಾಡಿಗೆ, ಮೊಮ್ಮಗಳ ಮೂರು ಚಕ್ರದ ಸೈಕಲ್ಲಿಗೆ ಕೂಡ.

ಒಂದು ಸಲ ಅಳಿಯ ನೋಡದೆ ಕಾರನ್ನು ಹಿಂದಕ್ಕೆ ತೆಗೆದ. ಕಾರು ಕಲ್ಲಿನ ಮೇಲೆ ಹತ್ತಿ ದಡಕ್ಕೆಂದು ಇಳಿಯಿತು. ಅಳಿಯನ ತಲೆ ಮೇಲಕ್ಕೆ ಬಡಿಯಿತು.

"ಅತ್ತೆ, ನಾನು ಹ್ಯಾಂಡ್‌ಬ್ರೇಕ್ ಹಾಕೇ ಇಳಿಯೋದು, ನೀವ್ಯಾಕೆ ಇದೆಲ್ಲಾ..." ಅಂದ.

"ಹಾಕಪ್ಪ, ಬ್ಯಾಡ ಅಂದೋರ್ಯಾರು? ಅದೂ ಇರ್ಲಿ, ಕಲ್ಲೂ ಇರ್ಲಿ" ಅಂದೆ.

ಹ್ಯಾಂಡ್‌ಬ್ರೇಕ್ ಅನ್ನುವುದರ ಯೋಗ್ಯತೆ ಎಷ್ಟು ಅಂತ ನನಗೆ ಗೊತ್ತು. ಅಳಿಯನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ನಮ್ಮ ಯಜಮಾನರು ಲಾರಿ ಎಳೆಯುವ ಕೆಲಸ ಮಾಡುತ್ತಿದ್ದರು. ಎಳೆಯುವುದು ಅಂದರೆ ಓಡಿಸುವುದಲ್ಲ. ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ತಮ್ಮ ಲಾರಿಯ ಹಿಂದಕ್ಕೆ ಸಿಕ್ಕಿಸಿಕೊಂಡು ತಂದು ತುಮಕೂರಿನ ಗ್ಯಾರೇಜಿನಲ್ಲಿ ಬಿಡುವುದು. ನಡುವೆ ಸಿಕ್ಕಿಸುವ ದಪ್ಪ ಕಬ್ಬಿಣದ ಕೋಲಿಗೆ ಟೋಚನ್ ಅನ್ನುತ್ತಾರೆ. ಕೋಲಿನ ಎರಡು ತುದಿಯಲ್ಲೂ ತೂತು. ತೂತಿಗೆ ಹೆಬ್ಬೆರಳಿಗಿಂತ ದಪ್ಪನೆಯ ಪಿನ್ನು. ಪಿನ್ನು ಮೇಲಕ್ಕೆ ಎದ್ದು ಬರದಂತೆ ಅದರ ಬುಡಕ್ಕೆ ಸಣ್ಣ ಕಡ್ಡಿ. ಎರಡು ಲಾರಿಯ ಪ್ರಾಣ ನಿಂತಿರುವುದು ಆ ಕಡ್ಡಿಯ ಮೇಲೆ.

ಜನಕ್ಕೆ ಒಂದು ವಿಷಯ ತಿಳಿದಿರುವುದಿಲ್ಲ. ಎಳೆಸಿಕೊಳ್ಳುವ ಲಾರಿಯಲ್ಲೂ ಒಬ್ಬರು ಕೂರಬೇಕು. ಸ್ಟೇರಿಂಗ್ ಹಿಡಿದು ಮುಂದಿನ ಲಾರಿಯ ಹಿಂದೆ ಹಿಂದೆಯೇ ತಿರುಗಿಸುತ್ತಾ ಬರಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಅದು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಎಂಜಿನ್ ಸತ್ತ ಲಾರಿಗೆ ಬ್ರೇಕ್ ಇರುವುದಿಲ್ಲ. ಬ್ರೇಕಿಗೆ ಗಾಳಿ ಬೇಕು, ಗಾಳಿ ತುಂಬುವುದು ಎಂಜಿನ್ನು. ಎಂಜಿನ್ನೇ ಸತ್ತ ಮೇಲೆ ಕಾಲಡಿ ಇರುವ ಪೆಡಲ್ಲು ಬರೀ ತಗಡು. ಉಳಿಯುವುದು ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಒಂದೇ. ಅದು ನಿಂತ ಲಾರಿಯನ್ನು ನಿಲ್ಲಿಸುತ್ತದೆ, ಓಡುವ ಲಾರಿಯನ್ನಲ್ಲ.

ಆ ಸೀಟಿನಲ್ಲಿ ನಾನು ಕೂರುತ್ತಿದ್ದೆ.

ಗಾಡಿ ಓಡಿಸಲು ನನಗೆ ಬರುವುದಿಲ್ಲ. ಇವತ್ತಿಗೂ ಬರುವುದಿಲ್ಲ. ಎಳೆಸಿಕೊಳ್ಳಲು ಬರುತ್ತದೆ. ಅದು ಚಿಕ್ಕಂದಿನಿಂದ ಬಂದ ವಿದ್ಯೆ. ನಿಟ್ಟೂರಿನ ಹತ್ತಿರ ನಮ್ಮಪ್ಪನ ಹೊಲ ರೈಲು ಕಂಬಿಯ ಪಕ್ಕದಲ್ಲಿತ್ತು. ಉತ್ತ ಮೇಲೆ ಹೆಂಟೆ ಒಡೆದು ಸಮ ಮಾಡಲು ಎತ್ತಿಗೆ ಕೊರಡು ಕಟ್ಟಿ ಎಳೆಸುತ್ತಿದ್ದರು. ಕೊರಡಿಗೆ ಭಾರ ಬೇಕಲ್ಲ, ಅದಕ್ಕೆ ನನ್ನನ್ನು ಕೂರಿಸುತ್ತಿದ್ದರು. ನಮ್ಮಕ್ಕ ತೆಳ್ಳಗಿದ್ದಳು, ಸ್ಕೂಲಿಗೆ ಹೋದಳು. ನಾನು ದಪ್ಪಗಿದ್ದೆ, ಕೊರಡಿನ ಮೇಲೆ ಕೂತೆ. ಬಾಯಲ್ಲಿ ಮಣ್ಣು, ಕಣ್ಣಲ್ಲಿ ಮಣ್ಣು, ಎದುರಿಗೆ ಎರಡು ಬಾಲ. ಒಂದು ದಿನ ರೈಲಿನ ಕೂಗಿಗೆ ಎತ್ತು ಬೆದರಿ ಎಳೆದವು, ನಾನು ಹಿಂದಕ್ಕೆ ಮಗುಚಿಬಿದ್ದೆ. ಅಪ್ಪ ಹಾಡಿಕೊಂಡು ಹೋಗುತ್ತಿದ್ದವರು ತಕ್ಷಣ ತಿರುಗಿ ನೋಡಿದರು. ಬಂದು ಎತ್ತಿ ಲಂಗ ಕೊಡವಿ, "ಎತ್ತು ಹಗುರಕ್ಕೆ ನಡೆದ್ವು ಕಣವ್ವ, ನೀನಿಲ್ಲ ಅಂತ ಆಗ್ಲೇ ತಿಳೀತು" ಅಂದರು. ಆಮೇಲೆ ಮತ್ತೆ ಕೂರಿಸಿದರು. ಕೆಲಸ ಆಗಬೇಕಲ್ಲ.

ಲಾರಿಯಲ್ಲಿ ಕೂತದ್ದು ಮದುವೆಯಾಗಿ, ಮಕ್ಕಳಾಗಿ, ಮಗಳು ಹೈಸ್ಕೂಲಿಗೆ ಹೋಗುವಾಗ. ಕೆಟ್ಟ ಲಾರಿಯ ಡ್ರೈವರ್‌ನೇ ಸ್ಟೇರಿಂಗ್ ಹಿಡಿಯುವುದು ಪದ್ಧತಿ. ಆದರೆ ಆ್ಯಕ್ಸಿಡೆಂಟ್ ಆದ ಲಾರಿಯ ಹತ್ತಿರ ಡ್ರೈವರ್ ಇರುತ್ತಾನಾ? ಜನ ಹೊಡೆಯುತ್ತಾರೆ ಅಂತ ಹೊಲ ಬಿದ್ದು ಓಡಿಹೋಗಿರುತ್ತಾನೆ. ಅಂಥ ಕಡೆಗೆ ನಮ್ಮ ಯಜಮಾನರ ಹತ್ತಿರ ಒಬ್ಬ ಆಳಿದ್ದ. ಅವನು ಒಂದು ದಿನ ಗುಬ್ಬಿಯಲ್ಲಿ, ಸಿಕ್ಕಿಸಿ ಆದ ಮೇಲೆ, ಸೀಟು ಹತ್ತುವಾಗ, "ಅಣ್ಣ, ನಂಗೆ ಎಂಡ್ರು ಮಕ್ಳವ್ರೆ" ಅಂತ ಹೇಳಿ ಇಳಿದು ಹೋಗಿಬಿಟ್ಟ. ಹೆಬ್ಬೂರಿನಲ್ಲಿ ಕೋಳಿ ಅಂಗಡಿ ಹಾಕಿದ. ಅವತ್ತು ನಾನು ಗುಬ್ಬಿಗೆ ನೆಂಟರ ಮನೆಯ ನಾಮಕರಣಕ್ಕೆಂದು ಅದೇ ಲಾರಿಯಲ್ಲಿ ಹೋಗಿದ್ದೆ. ಯಜಮಾನರು ಆ ಕಡೆ ಈ ಕಡೆ ನೋಡಿದರು. ಕೊನೆಗೆ ನನ್ನ ಕಡೆ ನೋಡಿದರು.

"ಸುಮ್ನೆ ನೆಟ್ಟಗೆ ಇಡ್ಕಂಡಿದ್ರೆ ಆಯ್ತು ಕಣೇ" ಅಂದರು.

ರೇಷ್ಮೆ ಸೀರೆ ಉಟ್ಟುಕೊಂಡು ಒಡೆದ ಗಾಜಿನ ಲಾರಿಯಲ್ಲಿ ಕೂತೆ. ಗುಬ್ಬಿಯ ಜನವೆಲ್ಲ ನಿಂತು ನೋಡಿತು. ಊರ ಹೊರಗೆ ಪೊಲೀಸಿನವನು ಕೈ ಅಡ್ಡ ಹಾಕಿದ.

"ಏನಮ್ಮ, ಲೈಸೆನ್ಸ್ ಐತಾ?"

"ನಾನೆಲ್ಲಿ ಓಡಿಸ್ತಿದೀನಿ ಸ್ವಾಮಿ? ಅವ್ರು ಎಳೀತಾವ್ರೆ, ನಾನು ಬತ್ತಾ ಇದೀನಿ."

ಅವನು ಮುಂದಿನ ಲಾರಿ ನೋಡಿ, ನಡುವಿನ ಕೋಲು ನೋಡಿ, ದಾರಿ ಬಿಟ್ಟ. ನಕ್ಕು ಹೇಳುತ್ತಿದ್ದೇನೆ ಈಗ. ಅವತ್ತು ತುಮಕೂರು ತಲುಪುವ ಹೊತ್ತಿಗೆ ಬೆವರಿನಲ್ಲಿ ಸೀರೆಯ ಬಣ್ಣ ಸೀಟಿಗೆ ಹತ್ತಿತ್ತು.

ಅಲ್ಲಿಂದ ಅದೇ ಆಯಿತು. ಆಳು ಸಿಗದ ದಿನ ನಾನು. ಆಮೇಲೆ ಆಳು ಹುಡುಕುವುದನ್ನೇ ಬಿಟ್ಟರು. ಹೆದರಿಕೆಯಾಗುತ್ತದಾ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಏನು ಮಾಡುತ್ತಾರೆ, ಲಾರಿಯನ್ನು ಹೊತ್ತು ತರುತ್ತಾರಾ?

ಮುಂದಿನ ಲಾರಿಗೂ ಹಿಂದಿನ ಲಾರಿಗೂ ಮಾತು ಬೇಕಲ್ಲ, ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಆಗ ಎಲ್ಲರ ಕೈಯಲ್ಲೂ ಫೋನಿರಲಿಲ್ಲ. ಕೆಟ್ಟ ಲಾರಿಯ ಹಾರನ್ನು ಎಷ್ಟೋ ಸಲ ಕೂಗುತ್ತಿರಲಿಲ್ಲ. ಮಾರಿಬಿಟ್ಟ ನಮ್ಮ ಹಸುವಿನ ಕೊರಳ ಗಂಟೆ ಮನೆಯಲ್ಲಿತ್ತು. ಅದನ್ನು ಯಜಮಾನರ ಸೀಟಿನ ಹಿಂದೆ ಕಿಟಕಿಯ ಸರಳಿಗೆ ಕಟ್ಟಿ, ಅದರ ದಾರವನ್ನು ಹಿಂದಿನ ಲಾರಿಯ ತನಕ ಎಳೆದುಕೊಂಡು ನನ್ನ ಕೈಗೆ ಸುತ್ತಿಕೊಳ್ಳುತ್ತಿದ್ದೆ. ಒಂದು ಎಳೆತಕ್ಕೆ ನಿಲ್ಲಿಸಿ, ಎರಡು ಎಳೆತಕ್ಕೆ ಹೋಗಿ. ಬಸ್ಸಿನ ಕಂಡಕ್ಟರ್ ಇದ್ದ ಹಾಗೆ. ಮಿಕ್ಕ ಲಾರಿಯವರು ನಗುತ್ತಿದ್ದರು. "ಯಜಮಾನ್ರೇ, ಗಂಟೆ ಕಟ್ಟಿರೋದು ಲಾರಿಗೋ ನಿಮ್ಗೋ?" ಅನ್ನುತ್ತಿದ್ದರು. ಯಜಮಾನರಿಗೆ ಅವಮಾನವೇ. ಆದರೆ ದಾರ ಕಟ್ಟದೆ ನಾನು ಹತ್ತುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಹೈವೇ ಅಗಲ ಮಾಡಲು ಶುರು ಮಾಡಿದರು. ಹತ್ತು ಚಕ್ರದ ಲಾರಿಗಳು ಬಂದವು. ಅವನ್ನು ಎಳೆಯಲು ನಮ್ಮ ಲಾರಿಗೆ ಆಗುತ್ತಿರಲಿಲ್ಲ. ನಮ್ಮದೂ ಟರ್ಬೋ ಲಾರಿಯೇ, ಆದರೆ ಬೇರೆಯವರು ಓಡಿಸಿ ಸವೆಸಿ ಕೊಟ್ಟದ್ದು. ಏರು ಬಂದರೆ ಗೂರಲು ರೋಗದವರ ಹಾಗೆ ಏದುಸಿರು ಬಿಡುತ್ತಿತ್ತು. ಊರಿಗೆ ಒಂದು ಕ್ರೇನೂ ಬಂತು. ಭಾರದ ಲಾರಿಗಳೆಲ್ಲ ಅದರ ಪಾಲಾದವು. ಯಜಮಾನರು ಮನೆಯಲ್ಲಿ ಮಾತು ಕಮ್ಮಿ ಮಾಡಿದರು. ಗಂಡಸು ಮಾತು ಕಮ್ಮಿ ಮಾಡಿದ ಅಂದರೆ ಏನೋ ಕಿತಾಪತಿ ಮಾಡುತ್ತಾನೆ ಅಂತ ಅರ್ಥ.

ಲಾರಿ ಎಂಜಿನ್ನಿಗೆ ಡೀಸೆಲ್ ಬಿಡುವ ಪಂಪ್ ರಿಪೇರಿ ಮಾಡುವ ರಂಗಸ್ವಾಮಿ ಅಂತ ಒಬ್ಬನಿದ್ದ. ಮಾತುಗಾರ. ಯಾವ ಲಾರಿ ನೋಡಿದರೂ, "ಇದ್ರೊಳಗೆ ಇನ್ನೂ ಒಂದು ಲಾರಿ ಮಲಗೈತೆ ಅಣ್ಣ, ಎಬ್ಬಿಸ್ಬೇಕು ಅಷ್ಟೇ" ಅನ್ನುವವನು. ನಮ್ಮ ಲಾರಿಯೊಳಗೆ ಮಲಗಿದ್ದನ್ನು ಎಬ್ಬಿಸಲು ಯಜಮಾನರು ಅವನ ಹತ್ತಿರ ಬಿಟ್ಟರು. ಊಟ ಕೊಡಲು ಹೋದಾಗ ನಾನು ಅಲ್ಲೇ ಕೂತು ನೋಡುತ್ತಿದ್ದೆ. ಎಂಜಿನ್ನಿಗೆ ಇಷ್ಟೇ ಡೀಸೆಲ್ ಹೋಗಬೇಕು ಅಂತ ಪಂಪಿನ ಒಂದು ಸ್ಕ್ರೂಗೆ ಕಂಪನಿಯವರು ಸೀಸದ ಸೀಲು ಹಾಕಿರುತ್ತಾರಂತೆ. ರಂಗಸ್ವಾಮಿ ಅದನ್ನು ಕಟಕ್ಕೆಂದು ಕತ್ತರಿಸಿದ. ತಾಳಿ ಕಿತ್ತ ಹಾಗಾಯಿತು ನನಗೆ.

"ಇದ್ಯಾಕಪ್ಪ ಕಿತ್ತೆ?"

"ನೋಡಕ್ಕ, ನಿಮ್ ಒಲೆ ಇದ್ದಂಗೆ. ಸೌದೆ ಜಾಸ್ತಿ ಇಡ್ತೀನಿ. ಅದೇ ಈ ಸ್ಕ್ರೂ. ಊದುಗೊಳವೇಲಿ ಜೋರಾಗಿ ಊದ್ತೀನಿ. ಅದೇ ಟರ್ಬೋ. ಹೊಗೆ ಸಲೀಸಾಗಿ ಹೋಗ್ಬೇಕು, ಅದಕ್ಕೆ ಸೈಲೆನ್ಸರ್ ಒಳಗಿಂದೆಲ್ಲ ತೆಗ್ದು ಬರೀ ಕೊಳವೆ ಮಾಡ್ತೀನಿ. ಉರಿ ಎಂಗೆ ಬರ್ತದೆ ನೋಡಿ."

"ಸರಿ. ಆರಿಸೋದು ಎಂಗೆ?"

"ಆರಿಸೋದಾ?"

"ಅಲ್ಲಪ್ಪ, ಎಳೆಯೋ ಬಲ ಜಾಸ್ತಿ ಆದ್ರೆ ನಿಲ್ಸೋ ಬಲಾನೂ ಜಾಸ್ತಿ ಆಗ್ಬೇಕಲ್ಲ?"

ರಂಗಸ್ವಾಮಿ ಯಜಮಾನರ ಕಡೆ ನೋಡಿ ನಕ್ಕ. "ಎಳೆಸೋದು ನಂದು, ನಿಲ್ಸೋದು ಅಣ್ಣಂದು" ಅಂದ. ಯಜಮಾನರೂ ನಕ್ಕರು. ನಾನು ಬುತ್ತಿಯ ಡಬ್ಬಿ ತೊಳೆದುಕೊಂಡು ಮನೆಗೆ ಬಂದೆ.

ಕೆಲಸ ಮುಗಿದ ಮೇಲೆ ಪೂಜೆಗೆ ಅಂತ ದೇವರಾಯನದುರ್ಗಕ್ಕೆ ಹೋದೆವು. ಪೂಜೆ ನೆಪ, ಬೆಟ್ಟ ಹೇಗೆ ಹತ್ತುತ್ತದೆ ಅಂತ ನೋಡುವ ಆಸೆ. ಹತ್ತಿತು, ಸುಳ್ಳು ಹೇಳಬಾರದು. ಮೊದಲು ಕಾಲಿಗೆ ಬಿದ್ದು ಹತ್ತುತ್ತಿದ್ದ ತಿರುವುಗಳನ್ನು ಈಗ ಒದ್ದುಕೊಂಡು ಹತ್ತಿತು. ಹಿಂದೆ ಕಪ್ಪು ಹೊಗೆ, ಕಾಡಿನ ಕೋತಿಗಳೆಲ್ಲ ಕೆಮ್ಮಿಕೊಂಡು ಓಡಿದವು. ಸದ್ದಿಗೆ ಕಿವಿ ಮುಚ್ಚಿಕೊಂಡು ಕೂತೆ. ಯಜಮಾನರ ಮುಖ ಮದುವೆ ಗಂಡಿನ ಮುಖವಾಗಿತ್ತು. ಇಳಿಯುವಾಗ ಬ್ರೇಕಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. "ಯಾರೋ ಕಾಡಲ್ಲಿ ಟೈರು ಸುಡ್ತಾವ್ರೆ" ಅಂದರು ಯಜಮಾನರು. ನಾನು ಬೆಟ್ಟದ ನರಸಿಂಹಸ್ವಾಮಿಯನ್ನು ಮನಸ್ಸಿನಲ್ಲೇ ಹಿಡಿದುಕೊಂಡೆ.

ಅದಾದ ವಾರದಲ್ಲೇ ಕುಣಿಗಲ್‌ನಿಂದ ಕರೆ ಬಂತು. ಕಲ್ಲುಚಪ್ಪಡಿ ತುಂಬಿದ ಹತ್ತು ಚಕ್ರದ ಲಾರಿ ಕೆಟ್ಟು ನಿಂತಿದೆ, ಡ್ರೈವರ್ ಕೆಳಗೆ ಮಲಗಿ ರಿಪೇರಿ ಮಾಡುವಾಗ ಕೈ ಮುರಿದುಕೊಂಡು ಆಸ್ಪತ್ರೆ ಸೇರಿದ್ದಾನೆ ಅಂತ. ಇಂಥದ್ದಕ್ಕೇ ಕಾಯುತ್ತಿದ್ದರು ಯಜಮಾನರು. ರಂಗಸ್ವಾಮಿಯೂ ತನ್ನ ಕೈಚಳಕ ನೋಡಲು ಲಾರಿ ಹತ್ತಿದ. ನಾನೂ ಹತ್ತಿದೆ, ಗಂಟೆ ದಾರದ ಸಮೇತ.

ಆ ಲಾರಿಯ ಸುತ್ತ ಒಂದು ಸುತ್ತು ಬಂದೆ. ಅದು ಲಾರಿಯಲ್ಲ, ಗುಡ್ಡ. ಬ್ಯಾಟರಿ ಇಳಿದಿತ್ತು, ಹಾರನ್ನಿಲ್ಲ. ಸ್ಟೇರಿಂಗ್ ತಿರುಗಿಸಲು ಎರಡು ತೋಳಿನ ಬಲವೂ ಬೇಕು. ಚಪ್ಪಡಿ ಇಳಿಸಿ ಎಳೆಯಿರಿ ಅಂದೆ. "ಇಳ್ಸಿ ಎಳೆಯೋಕೆ ಪಂಪ್ ಯಾಕೆ ಮಾಡಿಸ್ಬೇಕಿತ್ತು?" ಅಂದರು. ಅದೂ ನಿಜವೇ.

ಟೋಚನ್ ಸಿಕ್ಕಿಸಿದರು. ಎರಡು ಸಲ ದಾರ ಎಳೆದೆ. ಮೊದಲೆಲ್ಲ ನಮ್ಮ ಲಾರಿ ಹೊರಡುವಾಗ ಬಸುರಿ ಹೆಂಗಸು ಏಳುವ ಹಾಗೆ ನಿಧಾನಕ್ಕೆ ಏಳುತ್ತಿತ್ತು. ಅವತ್ತು ಒಂದೇ ಏಟಿಗೆ ಜಗ್ಗಿತು. ನನ್ನ ಹಲ್ಲು ಹಲ್ಲಿಗೆ ಬಡಿಯಿತು. ಎಲ್ಲೋ ಮುಂದೆ ಕಬ್ಬಿಣ ಟಣ್ ಅಂದ ಹಾಗಾಯಿತು. ಗುಡ್ಡ ಹೊರಟಿತು.

ಕುಣಿಗಲ್ ದಾಟಿ ಹೆಬ್ಬೂರಿನ ಕಡೆ ಬರುವಾಗ ರಸ್ತೆಯಲ್ಲಿ ಗುಂಡಿಗಳು. ಎತ್ತರದ ಸೀಟು, ಮುಂದಿನ ಲಾರಿಯ ಹಿಂಭಾಗದಲ್ಲಿ ಕೋಲು ಸಿಕ್ಕಿಸಿದ ಕೊಕ್ಕೆ ನನಗೆ ಚೆನ್ನಾಗಿ ಕಾಣುತ್ತಿತ್ತು. ನೋಡುತ್ತಾ ಇದ್ದೆ. ಒಂದು ಗುಂಡಿ ಹಾರಿದಾಗ ಆ ಕಡೆಯ ಪಿನ್ನು ಸ್ವಲ್ಪ ಮೇಲಕ್ಕೆ ಎದ್ದ ಹಾಗೆ ಕಂಡಿತು. ಕಣ್ಣಿನ ಭ್ರಮೆ ಅಂದುಕೊಂಡೆ. ಇನ್ನೊಂದು ಗುಂಡಿ. ಇನ್ನೂ ಸ್ವಲ್ಪ ಎದ್ದಿತು. ಬುಡದ ಕಡ್ಡಿ ಹೊರಡುವಾಗಿನ ಜಗ್ಗಾಟಕ್ಕೆ ಮುರಿದುಹೋಗಿತ್ತು, ಟಣ್ ಅಂದದ್ದು ಅದೇ. ಈಗ ಪಿನ್ನು ಬಿಲದಿಂದ ಹಾವು ತಲೆ ಎತ್ತುವ ಹಾಗೆ ಏಳುತ್ತಿತ್ತು.

ದಾರ ಎಳೆದೆ. ಒಂದು ಸಲ. ನಿಲ್ಲಿಸಲಿಲ್ಲ. ಮತ್ತೆ ಎಳೆದೆ. ದಾರ ಬಿಗಿಯಾಗಿಯೇ ಇತ್ತು, ಗಂಟೆ ಆ ಕಡೆ ಖಂಡಿತ ಬಡಿದುಕೊಳ್ಳುತ್ತಿತ್ತು. ಆದರೆ ಆ ಖಾಲಿ ಕೊಳವೆಯ ಅಬ್ಬರದಲ್ಲಿ ಯಾರಿಗೆ ಕೇಳಬೇಕು? ಕೈ ಹೊರಗೆ ಹಾಕಿ ಸೆರಗು ಬೀಸಿದೆ. ಕಪ್ಪು ಹೊಗೆ ನನ್ನ ಮುಖದ ಮೇಲೇ ಬಂತು. ಅವರ ಕನ್ನಡಿಯಲ್ಲಿ ಹೊಗೆ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ ಅಂತ ಕಾಣುತ್ತದೆ. ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಮುಂದಿನ ಲಾರಿಯ ಕಿಟಕಿಯಿಂದ ರಂಗಸ್ವಾಮಿಯ ಕೈ ಕಾಣುತ್ತಿತ್ತು, ಏನೋ ವಿವರಿಸುತ್ತಾ ಆಡುತ್ತಿತ್ತು. ಇಬ್ಬರೂ ಲಾರಿಯನ್ನು ಹೊಗಳುವುದರಲ್ಲಿದ್ದರು.

ಎದುರಿಗೆ ಇಳಿಜಾರು, ಅದರ ಕೆಳಗೆ ಕೆರೆಯ ಏರಿ, ಏರಿ ದಾಟಿದರೆ ಮತ್ತೆ ಹತ್ತುವ ದಾರಿ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಪಾತಾಳ. ಉಚ್ಚೆ ಬಂದಂತಾಯಿತು, ಬಂತೂ ಕೂಡ. ನಾಚಿಕೆ ಪಡುವ ಹೊತ್ತಲ್ಲ ಅದು. ಇಳಿಜಾರಿನಲ್ಲಿ ನನ್ನ ಗುಡ್ಡ ಅವರ ಲಾರಿಯನ್ನು ಹಿಂದಿನಿಂದ ನೂಕುತ್ತಿತ್ತು. ಆ ಒತ್ತಡಕ್ಕೆ ಪಿನ್ನು ಹೇಗೋ ಕಚ್ಚಿಕೊಂಡು ಕೂತಿತ್ತು. ಕಣ್ಣು ಮಿಟುಕಿಸದೆ ಅದನ್ನೇ ನೋಡಿದೆ, ಅದು ನಾನು ನೋಡುತ್ತಿರುವವರೆಗೂ ಬೀಳುವುದಿಲ್ಲ ಅನ್ನುವ ಹಾಗೆ.

ಏರಿ ದಾಟಿತು. ಈಗ ಹತ್ತಬೇಕು. ಎಳೆಯುವಾಗ ಹ್ಯಾಂಡ್‌ಬ್ರೇಕ್ ಮುಟ್ಟಬಾರದು ಅಂತ ಯಜಮಾನರ ಕಟ್ಟಪ್ಪಣೆ. ಮುಟ್ಟಿದೆ. ಎರಡು ಕೈಯಲ್ಲಿ ಜಗ್ಗಿ ಎಳೆದೆ. ಹಿಂದಕ್ಕೆ ಹಿಡಿದರೆ ಮುಂದಿನವರಿಗೆ ಭಾರ ತಿಳಿಯುತ್ತದೆ, ತಿರುಗಿ ನೋಡುತ್ತಾರೆ ಅಂತ. ಹಳೆಯ ಕಾಲದ ನಮ್ಮ ಲಾರಿಯಾಗಿದ್ದರೆ ನಿಂತೇ ಹೋಗುತ್ತಿತ್ತು. ಇದು ನಿಲ್ಲಲಿಲ್ಲ. ಬ್ರೇಕ್ ಹಿಡಿದ ಗುಡ್ಡವನ್ನು ಹಾಗೇ ದರದರ ಎಳೆದುಕೊಂಡು ಹತ್ತಿತು. ನನ್ನ ಚಕ್ರಗಳಿಂದ ಹೊಗೆ ಬಂತು. ಅವರಿಗೆ ಗೊತ್ತೇ ಆಗಲಿಲ್ಲ. ರಂಗಸ್ವಾಮಿ ಎಬ್ಬಿಸಿದ ಲಾರಿ ಅಂಥದ್ದು.

ಹತ್ತುವ ದಾರಿಯಲ್ಲಿ ಗೇರ್ ಬದಲಾಯಿಸಬಾರದು, ಶುರು ಮಾಡಿದ ಗೇರಿನಲ್ಲೇ ಮುಗಿಸಬೇಕು. ಎಳೆಯುವವರ ಮೊದಲ ಪಾಠ ಅದು. ನಮ್ಮ ಯಜಮಾನರು ಅಷ್ಟು ವರ್ಷದಲ್ಲಿ ಒಂದು ಸಲವೂ ಮುರಿದವರಲ್ಲ. ಅವತ್ತು ಮುರಿದರು. ಆಮೇಲೆ ತಿಳಿಯಿತು, ಅರ್ಧ ಹತ್ತಿದ ಮೇಲೆ ರಂಗಸ್ವಾಮಿ, "ಎತ್ತಣ್ಣ ಮೇಲಿನ ಗೇರ್‌ಗೆ, ಎಳೀತದೆ, ನಾನಿದೀನಿ" ಅಂದನಂತೆ. ಗೇರ್ ಬದಲಿಸುವಾಗ ಒಂದು ಕ್ಷಣ ಎಳೆತ ಸಡಿಲವಾಗುತ್ತದೆ. ಆ ಕ್ಷಣ ಸಾಕಾಯಿತು. ಪಿನ್ನು ಎದ್ದು ಪಕ್ಕಕ್ಕೆ ಹಾರಿತು. ಕೋಲು ಕಳಚಿ ನೆಲಕ್ಕೆ ಬಿತ್ತು. ನನ್ನ ಕೈಯ ದಾರ ಪಟ್ ಅಂತ ಹರಿಯಿತು. ಮುಂದಿನ ಲಾರಿ ಹಾಗೇ ಗರ್ಜಿಸಿಕೊಂಡು, ಹೊಗೆ ಬಿಟ್ಟುಕೊಂಡು, ದಿಬ್ಬದ ಆಚೆ ಹೋಗಿಬಿಟ್ಟಿತು.

ಸದ್ದು ದೂರವಾದಾಗ ನನಗೆ ಹಕ್ಕಿಯ ಕೂಗು ಕೇಳಿತು. ಆಮೇಲೆ ಲಾರಿ ಹಿಂದಕ್ಕೆ ಜಾರುತ್ತಿರುವುದು ತಿಳಿಯಿತು.

ನಿಧಾನಕ್ಕೇ ಜಾರುತ್ತಿತ್ತು. ನಿಧಾನಕ್ಕೆ ಆಗುವುದರಲ್ಲಿ ಹೆದರಿಕೆ ಇನ್ನೂ ಜಾಸ್ತಿ, ಪೂರ್ತಿ ನೋಡಬೇಕಾಗುತ್ತದೆ. ಹ್ಯಾಂಡ್‌ಬ್ರೇಕಿಗೆ ಜೋತು ಬಿದ್ದೆ. ಕಿರ್ರೋ ಅಂದಿತು, ಹಿಡಿಯಲಿಲ್ಲ. ಹಿಂದೆ ಏರಿ, ಏರಿಯ ಪಕ್ಕ ನೀರು. ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೆ ಲಾರಿ ಯಾವ ಕಡೆ ಹೋಗುತ್ತದೆ ಅಂತ ನನಗೇನು ಗೊತ್ತು? ದೇವರೂ ಹೇಳಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಯಾವ ತೋಳಿಗೆ ಬಲವಿತ್ತೋ ಆ ಕಡೆಗೆ ಎಳೆದೆ. ಆ ಕಡೆ ಮಣ್ಣಿನ ದಿಣ್ಣೆ ಇತ್ತು. ಇನ್ನೊಂದು ಕಡೆ ಎಳೆದಿದ್ದರೆ ಇದನ್ನು ಹೇಳುವವರು ಬೇರೆ ಯಾರಾದರೂ ಆಗಿರುತ್ತಿದ್ದರು. ಹಿಂದಿನ ಚಕ್ರ ಚರಂಡಿಗೆ ಇಳಿದು, ಲಾರಿಯ ಬೆನ್ನು ದಿಣ್ಣೆಗೆ ಒರಗಿ, ಚಪ್ಪಡಿಗಳೆಲ್ಲ ಒಂದು ಸಲ ನರಳಿ, ನಿಂತಿತು.

ನಾನು ಸ್ಟೇರಿಂಗ್ ಬಿಡಲಿಲ್ಲ. ಬಿಟ್ಟರೆ ಮತ್ತೆ ಹೊರಡುತ್ತದೆ ಅನ್ನಿಸಿತು.

ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದಳು. ಕುಡುಗೋಲು ಕೈಯಲ್ಲೇ ಇತ್ತು.

"ಅಲ್ಲಾಡ್ಬ್ಯಾಡ ಕಣಕ್ಕ! ಕಲ್ಲು ಕೊಡ್ತೀನಿ ತಾಳು!"

ದೊಡ್ಡ ದೊಡ್ಡ ಕಲ್ಲನ್ನು ಸೊಂಟದ ಮೇಲೆ ಹೊತ್ತು ತಂದು ಚಕ್ರಗಳಿಗೆ ಕೊಟ್ಟಳು. ಒದ್ದು ಒದ್ದು ಗಟ್ಟಿ ಮಾಡಿದಳು. ಆಮೇಲೆ ನನ್ನ ಕೈ ಹಿಡಿದು ಇಳಿಸಿದಳು. ರಸ್ತೆಯಲ್ಲೇ ಕೂತೆ. ನನ್ನ ಒದ್ದೆ ಸೀರೆ ನೋಡಿದಳು. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಕೊಟ್ಟಳು.

"ಯಾರಕ್ಕ ಮುಂದೆ ಹೋದೋರು?"

"ನನ್ ಗಂಡ."

"ಬುಟ್ಟೋದ್ನಾ?"

"ಗೊತ್ತಿಲ್ದೆ ಹೋದ್ರು ಕಣವ್ವ."

"ನಿಂದೇ ವಾಸಿ ಬುಡು. ನನ್ ಗಂಡ ಗೊತ್ತಿದ್ದೇ ಬುಟ್ಟೋದ."

ಇಬ್ಬರೂ ನಕ್ಕೆವು. ಎಲೆ ಅಗಿಯುತ್ತಾ ದಿಬ್ಬದ ಕಡೆ ನೋಡಿದೆ. ಯಾರೂ ಬರಲಿಲ್ಲ. ಅಷ್ಟು ಹೊತ್ತು ಸಾಯುವ ಹೆದರಿಕೆ, ಈಗ ಬೇರೆ ಹೆದರಿಕೆ ಶುರುವಾಯಿತು. ತುಮಕೂರಿನ ತನಕ ತಿರುಗಿ ನೋಡದೇ ಹೋಗಿಬಿಟ್ಟರೆ? ಅಷ್ಟು ವರ್ಷ ನಾನು ಹಿಂದೆ ಕೂತದ್ದು ಅವರಿಗೆ ಗೊತ್ತಿತ್ತಾ, ಅಥವಾ ಲಾರಿ ಭಾರವಾಗಿದೆ ಅಂತ ಮಾತ್ರ ಗೊತ್ತಿತ್ತಾ?

ಅವರಿಗೆ ತಿಳಿದದ್ದು ಹೆಬ್ಬೂರಿನಲ್ಲಂತೆ. ಟೀ ಅಂಗಡಿಯ ಮುಂದೆ ಮೆರವಣಿಗೆಯ ದೇವರ ಹಾಗೆ ಲಾರಿ ನಿಲ್ಲಿಸಿ ಇಳಿದರಂತೆ. ಅಂಗಡಿಯವನು ದಿನಾ ನಮ್ಮನ್ನು ನೋಡುವವನು, "ಏನ್ ಯಜಮಾನ್ರೇ, ಇವತ್ತು ಬರೀ ಗಾಡಿ? ಅಕ್ಕ ಬಂದಿಲ್ವಾ?" ಅಂತ ಕೇಳಿದನಂತೆ. ಯಜಮಾನರು ತಿರುಗಿ ನೋಡಿದರಂತೆ. ಬರೀ ಕೊಕ್ಕೆ. ಅದರ ಮೇಲೆ ಗಂಟೆಯ ತುಂಡು ದಾರ ನೇತಾಡುತ್ತಿತ್ತು. ಇದನ್ನೆಲ್ಲ ಹೇಳಿದವನು ರಂಗಸ್ವಾಮಿ. ಯಜಮಾನರು ಇವತ್ತಿನವರೆಗೂ ಆ ಗಳಿಗೆಯ ಮಾತು ಎತ್ತಿಲ್ಲ.

ದಿಬ್ಬದ ಮೇಲೆ ಲಾರಿ ಕಂಡಿತು. ಮೇಲೆಯೇ ನಿಂತಿತು. ಯಜಮಾನರು ಅಲ್ಲಿಂದ ಇಳಿದು ನಡೆದುಕೊಂಡು ಬಂದರು, ಸಾವಿನ ಮನೆಗೆ ಬರುವವರ ನಡಿಗೆಯಲ್ಲಿ. ಮೊದಲು ದಿಣ್ಣೆಗೆ ಒರಗಿದ ಲಾರಿ ನೋಡಿದರು, ಖಾಲಿ ಸೀಟು ನೋಡಿದರು, ಕೆರೆಯ ಕಡೆ ನೋಡಿದರು. ರಸ್ತೆಯಲ್ಲಿ ಕೂತಿದ್ದ ನನ್ನನ್ನು ಕೊನೆಗೆ ನೋಡಿದರು.

"ಇದೀಯಾ?" ಅಂದರು.

"ಕಾಣ್ತಿಲ್ವಾ?" ಅಂದೆ.

ರಂಗಸ್ವಾಮಿ ಓಡಿ ಬಂದ. "ಅಕ್ಕ, ಪಿನ್ನಿಂದು ನನ್ ಕೆಲ್ಸ ಅಲ್ಲ ಕಣಕ್ಕ. ನಂದು ಪಂಪು."

"ನಿನ್ ಪಂಪು ಚೆನ್ನಾಗೈತೆ ಕಣಪ್ಪ. ನಾನು ಹಿಂದೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ, ಅಷ್ಟು ಚೆನ್ನಾಗೈತೆ."

ನಮ್ಮ ಲಾರಿಯನ್ನು ಕೆಳಗೆ ತಂದು ತಿರುಗಿಸಿ ನಿಲ್ಲಿಸಿದರು, ಪಿನ್ನು ಹುಡುಕಿ ತಂದು ಮತ್ತೆ ಸಿಕ್ಕಿಸಿದರು, ಬುಡಕ್ಕೆ ದಪ್ಪ ತಂತಿ ಸುತ್ತಿದರು. ಚರಂಡಿಯಿಂದ ಗುಡ್ಡವನ್ನು ಎಳೆಯಲು ಮಾತ್ರ ಆ ಹೊಸ ಬಲವೇ ಬೇಕಾಯಿತು, ಅದನ್ನೂ ಹೇಳಿಬಿಡಬೇಕು. ಲಾರಿ ರಸ್ತೆಗೆ ಬಂದ ಮೇಲೆ ಯಜಮಾನರು ಅಭ್ಯಾಸದಂತೆ ನನಗೆ ಹತ್ತಲು ಕೈ ಕೊಟ್ಟರು.

ನಾನು ಹತ್ತಲಿಲ್ಲ. "ರಂಗಸ್ವಾಮಿ ಓಡಿಸ್ಲಿ. ನೀವು ಇಲ್ಲಿ ಕೂತ್ಕಳಿ" ಅಂದೆ.

"ನಾನಾ?"

"ಸುಮ್ನೆ ನೆಟ್ಟಗೆ ಇಡ್ಕಂಡಿದ್ರೆ ಆಯ್ತು."

ಹುಲ್ಲಿನವಳು ಕುಡುಗೋಲು ಆಡಿಸುತ್ತಾ ನಿಂತಿದ್ದಳು. ಯಜಮಾನರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಹತ್ತಿದರು. ನಾನು ದಾರಕ್ಕೆ ಗಂಟು ಹಾಕಿ ಅವರ ಕೈಗೆ ಸುತ್ತಿದೆ. ಹೋಗಿ ಮುಂದಿನ ಲಾರಿಯಲ್ಲಿ ಗಂಟೆಯ ಕಡೆಗೇ ಮುಖ ಮಾಡಿ ಕೂತೆ.

ಹೊರಟು ಇನ್ನೂ ಸರಿಯಾಗಿ ದಿಬ್ಬ ದಾಟಿರಲಿಲ್ಲ, ಗಂಟೆ ಅಲ್ಲಾಡಿತು. ಕೊಳವೆಯ ಅಬ್ಬರದಲ್ಲಿ ಸದ್ದೇ ಕೇಳಲಿಲ್ಲ. ಮೂಗನ ಬಾಯಿ ಆಡಿದ ಹಾಗೆ ನಾಲಿಗೆ ಮಾತ್ರ ಬಡಿದುಕೊಳ್ಳುತ್ತಿತ್ತು. ನಿಲ್ಲಿಸಲು ಹೇಳಿ, ಇಳಿದು ಹಿಂದಕ್ಕೆ ಓಡಿದೆ.

"ಏನಾಯ್ತು?"

ಯಜಮಾನರ ಹಣೆಯಲ್ಲಿ ಬೆವರು. "ಏನಿಲ್ಲ. ಕೇಳಿಸ್ತೈತಾ ಅಂತ ನೋಡ್ದೆ" ಅಂದರು.

"ಕೇಳಿಸಲ್ಲ. ನಾನು ನೋಡ್ತಾ ಇದೀನಿ, ಬನ್ನಿ" ಅಂದೆ.

ಏನೂ ಆಗದಿದ್ದರೂ ತುಮಕೂರು ಬರುವವರೆಗೂ ಗಂಟೆ ಮತ್ತೆ ಮತ್ತೆ ಅಲ್ಲಾಡಿತು. ಪ್ರತಿ ಸಲವೂ ನಿಲ್ಲಿಸಿದೆ. ರಂಗಸ್ವಾಮಿ ಗೊಣಗಿದ. ಗೊಣಗಲಿ ಅಂದೆ. ಗ್ಯಾರೇಜಿನಲ್ಲಿ ಇಳಿಯುವಾಗ ಯಜಮಾನರ ಬೆರಳು ಸ್ಟೇರಿಂಗ್ ಬಿಡಲಿಲ್ಲ, ನಾನೇ ಒಂದೊಂದಾಗಿ ಬಿಡಿಸಿದೆ. ಇಳಿದವರೇ ರಂಗಸ್ವಾಮಿಗೆ, "ಸೈಲೆನ್ಸರ್ ಮೊದ್ಲಿನಂಗೆ ಮಾಡು. ಸ್ಕ್ರೂನೂ ತಿರುಗ್ಸು ವಾಪಸ್" ಅಂದರು.

"ಎಳೆತ ಕಮ್ಮಿ ಆಗ್ತದಲ್ಲಣ್ಣ. ಹತ್ತು ಚಕ್ರದ್ದು ಮತ್ತೆ ಎಳೆಯೋಕಾಗಲ್ಲ."

"ಆಗ್ದಿದ್ರೆ ಬುಡು. ಕ್ರೇನ್‌ನೋರು ಎಳೀಲಿ."

ಹಾಗೆ ಭಾರದ ಲಾರಿಗಳು ಕ್ರೇನಿನ ಪಾಲಿಗೇ ಹೋದವು. ನಮಗೆ ಟೆಂಪೊ, ಟ್ರ್ಯಾಕ್ಟರು, ಹಳೇ ಆರು ಚಕ್ರದವು ಉಳಿದವು. ಹೊಟ್ಟೆಗೆ ಮೋಸವಾಗಲಿಲ್ಲ. ನಾನು ಹಿಂದೆ ಕೂರುವುದನ್ನು ಬಿಟ್ಟೆನಾ ಅಂತ ನೀವು ಕೇಳಬಹುದು. ಬಿಡಲಿಲ್ಲ. ಬೇರೆ ಯಾರು ಕೂರುತ್ತಾರೆ? ಆದರೆ ಮುಂದಿನ ಸಲ ಗುಬ್ಬಿಯ ಹತ್ತಿರ ಒಂದು ಟೆಂಪೊ ಸಿಕ್ಕಿಸಿ ಆದ ಮೇಲೆ, ಯಜಮಾನರು ತಮ್ಮ ಲಾರಿ ಹತ್ತದೆ ನನ್ನ ಕಿಟಕಿಯ ಕೆಳಗೆ ಬಂದು ನಿಂತರು. ಟವಲಿನಲ್ಲಿ ಕೈ ಒರೆಸಿಕೊಂಡರು. ಕೈಯಲ್ಲಿ ಗ್ರೀಸೇನೂ ಇರಲಿಲ್ಲ.

"ಲೇ, ನಿಂಗೆ ಹೆದ್ರಿಕೆ ಆಗ್ತೈತಾ?"

"ಆಗ್ತೈತೆ" ಅಂದೆ.

"ಹಂಗಾದ್ರೆ ಮೆಲ್ಲಗೆ ಹೋಗಾಣ" ಅಂದು ಹೋಗಿ ಹತ್ತಿದರು.